ತೊಟ್ಟಿಯೊಳಗಿನ ಉಪ್ಪು

ಡಿಫರೆನ್ಷಿಯಲ್ ಈಕ್ವೇಷನ್ (ಅವಕಲ ಸಮೀಕರಣ) ಎಂದೊಡನೆ ಇಂಜಿನಿಯರಿಂಗ್ ಓದಿದ ಬಹಳ ಮಂದಿಗೆ ಪರೀಕ್ಷೆಯ ಹಿಂದಿನ ರಾತ್ರಿ ನೆನಪಾಗುತ್ತದೆ. ನನಗೆ ನೆನಪಾಗುವುದು ಒಂದು ತೊಟ್ಟಿ. ಅದರಲ್ಲಿ 100 ಲೀಟರ್ ಸಿಹಿನೀರು. ಮೇಲಿನ ನಲ್ಲಿಯಿಂದ ನಿಮಿಷಕ್ಕೆ 5 ಲೀಟರ್ ಉಪ್ಪುನೀರು ಬೀಳುತ್ತದೆ, ಲೀಟರಿಗೆ 20 ಗ್ರಾಂ ಉಪ್ಪು. ಚೆನ್ನಾಗಿ ಕಲಕಿದ ನೀರು ಕೆಳಗಿನಿಂದ ಅಷ್ಟೇ ವೇಗದಲ್ಲಿ ಹೊರಹೋಗುತ್ತದೆ. ಯಾವ ಹೊತ್ತಿಗೆ ಎಷ್ಟು ಉಪ್ಪು?

ಹೊಸಬರು ನೇರ ಉತ್ತರಕ್ಕೆ ಕೈಹಾಕಿ ಸೋಲುತ್ತಾರೆ. ಉಪ್ಪು ಎಷ್ಟಿದೆ ಎಂದು ಹೇಳಲಾಗದು, ಸರಿ. ಈ ಗಳಿಗೆಯಲ್ಲಿ ಅದು ಹೇಗೆ ಬದಲಾಗುತ್ತಿದೆ ಎಂದು ಹೇಳಬಹುದಲ್ಲ? ನಿಮಿಷಕ್ಕೆ ಒಳಬರುವುದು 100 ಗ್ರಾಂ. 100 ಲೀಟರಿನಲ್ಲಿ 5 ಲೀಟರ್ ಹೋಗುವುದರಿಂದ, ಇದ್ದ ಉಪ್ಪಿನಲ್ಲಿ ಇಪ್ಪತ್ತನೇ ಒಂದು ಪಾಲು ಹೊರಗೆ. ಉಪ್ಪನ್ನು 'ಉ' ಎಂದರೆ, ಬದಲಾವಣೆಯ ದರ = 100 − ಉ/20. ಅವಕಲ ಸಮೀಕರಣ ಎಂದರೆ ಇಷ್ಟೇ: ಬಂದದ್ದರಲ್ಲಿ ಹೋದದ್ದು ಕಳೆಯುವ ಜಮಾ-ಖರ್ಚು.

ನುರಿತವರು ಇಲ್ಲಿ ತಕ್ಷಣ ಬಿಡಿಸಲು ಕೂರುವುದಿಲ್ಲ. ಮೊದಲು ದಿಟ್ಟಿಸುತ್ತಾರೆ. ಉ 2000 ಗ್ರಾಂ ಆದಾಗ ದರ ಸೊನ್ನೆ. ಅಂದರೆ ಉಪ್ಪು ಅಲ್ಲಿಗೆ ಹತ್ತಿರವಾಗುತ್ತಾ ಹೋಗುತ್ತದೆ. 100 ಲೀಟರಿಗೆ 2000 ಗ್ರಾಂ ಎಂದರೆ ಲೀಟರಿಗೆ 20, ನಲ್ಲಿಯ ನೀರಿನಷ್ಟೇ ಉಪ್ಪು. ಉತ್ತರ ಹೊರಡುವ ಮೊದಲೇ ಅದರ ಕೊನೆ ಸಿಕ್ಕಿತು! ಈ ನೋಟ ಬಂದವರ ಕೈಯಲ್ಲಿ ಚಿಹ್ನೆ ತಪ್ಪಿದರೂ ಒಡನೆ ಗೊತ್ತಾಗುತ್ತದೆ.

ಬಿಡಿಸಲು ಬಾರದಿದ್ದರೂ ದಾರಿಯಿದೆ. 1768ರಲ್ಲಿ ಆಯ್ಲರ್ ವಿವರಿಸಿದ ವಿಧಾನದಂತೆ ಒಂದೊಂದೇ ಹೆಜ್ಜೆ ಇಡಿ. ಮೊದಲ ನಿಮಿಷ 100 ಗ್ರಾಂ. ಆಮೇಲಿನ ದರ 95, ಒಟ್ಟು 195. ಮುಂದಿನದು 90.25, ಒಟ್ಟು 285.25. ಮೂರು ನಿಮಿಷಕ್ಕೆ ನಿಜವಾದ ಉತ್ತರ ಸುಮಾರು 279. ಇಷ್ಟು ಒರಟು ಹೆಜ್ಜೆಗೆ ಇದು ಕೆಟ್ಟದ್ದೇನಲ್ಲ. ಹೆಜ್ಜೆ ಚಿಕ್ಕದು ಮಾಡಿದಷ್ಟೂ ತಪ್ಪು ಕುಗ್ಗುತ್ತದೆ. ಮುಂದೆ ರುಂಗೆ ಮತ್ತು ಕುಟ್ಟಾ ಈ ನಡಿಗೆಯನ್ನು ಬಹಳ ನಯಗೊಳಿಸಿದರು.

ತೊಟ್ಟಿಯ ಹೆಸರು ಅಳಿಸಿ ನೋಡಿ. ಲೋಟದ ಕಾಫಿ ಆರುವುದೂ ಇದೇ ಆಕಾರದ ಸಮೀಕರಣ. ನ್ಯೂಟನ್ 1701ರಲ್ಲಿ ಪ್ರಕಟಿಸಿದ ತಂಪಾಗುವಿಕೆಯ ನಿಯಮ ಅದರ ಮೂಲ. ಡ್ರಿಪ್ಪಿನಲ್ಲಿ ಹನಿಯುವ ಎಷ್ಟೋ ಔಷಧಿಗಳು ರಕ್ತದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲುವುದೂ ಹೀಗೆಯೇ. ಮದ್ಯಕ್ಕೆ ಮಾತ್ರ ಈ ಲೆಕ್ಕ ಒಗ್ಗದು: ಎಷ್ಟು ಕುಡಿದಿದ್ದರೂ ಯಕೃತ್ತು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಅದನ್ನು ಕರಗಿಸುತ್ತದೆ. ಎಲ್ಲಿ ಒಗ್ಗದು ಎಂದು ತಿಳಿಯುವುದೂ ಕಸುಬಿನ ಪಾಲೇ. 'ಚೆನ್ನಾಗಿ ಕಲಕಿದ' ಎಂದು ಮೇಲೆ ಮೆಲ್ಲಗೆ ಸೇರಿಸಿದ್ದೆ, ಗಮನಿಸಿದಿರಾ? ಉಪ್ಪು ತಳಕ್ಕಿಳಿದು ಕೂತರೆ ನಮ್ಮ ಸಮೀಕರಣ ಸುಳ್ಳು.

ನಮ್ಮ ಕಾಲದ ಪರೀಕ್ಷೆಗಳು ಸಮೀಕರಣವನ್ನು ಸಿದ್ಧವಾಗಿ ಕೊಟ್ಟು 'ಬಿಡಿಸಿ' ಎನ್ನುತ್ತಿದ್ದವು. ರುಚಿಯೆಲ್ಲ ಇದ್ದದ್ದು ಅದಕ್ಕೂ ಮುಂಚೆ. ನೀವು ಒಮ್ಮೆ ಕೈಯಾಡಿಸಿ: ಹೊರಹರಿವನ್ನು ನಿಮಿಷಕ್ಕೆ 4 ಲೀಟರಿಗೆ ಇಳಿಸಿ. ಈಗ ತೊಟ್ಟಿಯ ನೀರೇ ಏರುತ್ತದೆ. ಹಾಗಾದರೆ ಆ ಉ/20ರ ಜಾಗದಲ್ಲಿ ಏನು ಬರಬೇಕು, ಬರೆದು ನೋಡಿ. ಬಿಡಿಸಬೇಕಾಗಿಲ್ಲ.