ಕೆರೆಯ ಸೆಳೆತ ಊರಿಗೆ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ

ಬಯಲುಸೀಮೆಯಲ್ಲಿ ಕೆರೆ ತುಂಬಿ ಕೋಡಿ ಬಿತ್ತೆಂದರೆ ಊರಿಗೆಲ್ಲ ಹಬ್ಬ. ಗಂಗಮ್ಮನಿಗೆ ಪೂಜೆ, ಬಾಗಿನ, ತೆಪ್ಪೋತ್ಸವ. 2022ರಲ್ಲಿ ಹಿರಿಯೂರು ಬಳಿಯ ವಾಣಿವಿಲಾಸ ಸಾಗರ 89 ವರ್ಷಗಳ ಬಳಿಕ ಕೋಡಿ ಬಿದ್ದಾಗ ಅದನ್ನು ಕಣ್ತುಂಬಿಕೊಳ್ಳಲು ಜನ ಸಾಲುಗಟ್ಟಿದರು. ಆದರೆ ಕೆರೆಕಟ್ಟೆ ತುಂಬಿದ ವರ್ಷಗಳಲ್ಲೇ ಪತ್ರಿಕೆಗಳ ಒಳಪುಟಗಳಲ್ಲಿ ಇನ್ನೊಂದು ಸುದ್ದಿಯೂ ಮತ್ತೆ ಮತ್ತೆ ಬರುತ್ತದೆ. ಬಟ್ಟೆ ಒಗೆಯಲು ಹೋದ ತಾಯಿ-ಮಗಳು, ರಜೆಯಲ್ಲಿ ಈಜಲು ಇಳಿದ ಹುಡುಗರು, ಎಮ್ಮೆಯ ಮೈ ತೊಳೆಯಲು ಹೋದ ರೈತ, ಗಣಪತಿ ಬಿಡಲು ಹೋದ ಯುವಕರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ ದೇಶದಲ್ಲಿ ನೀರಲ್ಲಿ ಮುಳುಗಿ ಸಾಯುವವರು ಇತ್ತೀಚೆಗೆ ವರ್ಷಕ್ಕೆ 35 ಸಾವಿರಕ್ಕೂ ಹೆಚ್ಚು.

ಇಂಥ ಸಾವಾದಾಗ ‘ಗಂಗಮ್ಮ ಬಲಿ ತಗೊಂಡಳು’ ಎಂದೋ ‘ಹಣೆಬರಹ’ ಎಂದೋ ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗಬಾರದು. ಕೆರೆಯಲ್ಲಿ ಜೀವ ತೆಗೆಯುವ ಜಾಗಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹೆಚ್ಚಿನವು ಮನುಷ್ಯರೇ ಕಟ್ಟಿದ್ದು, ಇಲ್ಲವೇ ಅಗೆದದ್ದು. ಎಲ್ಲಿವೆ ಎಂಬುದು ಊರಿನ ಹಿರಿಯರಿಗೆ ಗೊತ್ತು. ಮಕ್ಕಳಿಗೆ ಯಾರೂ ತೋರಿಸಿಕೊಟ್ಟಿರುವುದಿಲ್ಲ.

ತೂಬು, ಕೋಡಿ, ಗುಂಡಿ

ಮೊದಲನೆಯದು ತೂಬು. ಏರಿಯ ಪಕ್ಕ ಎರಡು ಕಲ್ಲುಕಂಬ, ಸುತ್ತ ಅಲುಗದ ನೀರು. ಹುಡುಗರಿಗೆ ಮೇಲಿಂದ ಜಿಗಿಯಲು ಹೇಳಿ ಮಾಡಿಸಿದ ಜಾಗ. ಆದರೆ ಗದ್ದೆಗೆ ನೀರು ಬಿಟ್ಟಿದ್ದಾಗ ಅಡಿಯಲ್ಲಿ ಸೆಳೆತ ಶುರುವಾಗಿರುತ್ತದೆ. ತೂಬಿನ ಬಾಯಿ ಒಂದು ಅಡಿ ಚೌಕದ್ದು, ಅದರ ಮೇಲೆ ಹತ್ತು ಅಡಿ ನೀರು ನಿಂತಿದೆ ಎಂದುಕೊಳ್ಳಿ. ಆ ಬಾಯಿಗೆ ಮೈ ಅಡ್ಡ ಸಿಕ್ಕಿದರೆ ಒತ್ತುವ ಭಾರ ಸುಮಾರು 280 ಕಿಲೋ. ಎಂಥ ಈಜುಗಾರನೂ ಅದರಿಂದ ಬಿಡಿಸಿಕೊಳ್ಳಲಾರ. ನೀರು ಆಳವಿದ್ದರೆ ಮೇಲೆ ಸುಳಿಯೂ ಕಾಣುವುದಿಲ್ಲ. ಹಿಂದೆ ತೂಬು ಎತ್ತುವ ಹೊತ್ತು ನೀರುಗಂಟಿಗೆ ಗೊತ್ತಿರುತ್ತಿತ್ತು. ಅವನು ಏರಿ ಮೇಲೆ ನಿಂತು ಗದರಿದರೆ ಮಕ್ಕಳು ಅತ್ತ ಸುಳಿಯುತ್ತಿರಲಿಲ್ಲ. ಎಷ್ಟೋ ಊರುಗಳಲ್ಲಿ ಈಗ ನೀರುಗಂಟಿ ಇಲ್ಲ, ತೂಬು ಇದೆ.

ಎರಡನೆಯದು ಕೋಡಿ. ಮೊಣಕಾಲುದ್ದ ನೀರು ತಾನೆ ಎಂದು ದಾಟಲು ಹೋಗುತ್ತಾರೆ, ಸೆಲ್ಫಿಗೆ ನಿಲ್ಲುತ್ತಾರೆ. ಹರಿಯುವ ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಜೊತೆಗೆ ಕಾಲಡಿಯಲ್ಲಿ ಪಾಚಿ. ಧುಮುಕಿದ ನೀರು ಬುಡದಲ್ಲಿ ಮಗುಚಿ ಗೋಡೆಯ ಕಡೆಗೇ ಹಿಂದಿರುಗುತ್ತದೆ. ಅದರಲ್ಲಿ ಸಿಕ್ಕವರನ್ನು ಒಳಗೆಳೆದು, ಮೇಲಕ್ಕೆತ್ತಿ, ಮತ್ತೆ ಒಳಗೆಳೆಯುತ್ತದೆ. ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ತೇಲುವುದೂ ಕಷ್ಟ. ಚೆಕ್ ಡ್ಯಾಂ, ಬಾಂದಾರಗಳ ಬುಡದಲ್ಲೂ ಇದೇ ಆಗುತ್ತದೆ.

ಮೂರನೆಯದು ಗುಂಡಿ. ಬೇಸಿಗೆಯಲ್ಲಿ ಜೆಸಿಬಿ ಇಳಿಸಿ ಮಣ್ಣು ಬಗೆದ ಕೆರೆಯಂಗಳ ಮಳೆ ಬಂದರೆ ಮಟ್ಟಸವಾಗಿ ಕಾಣುತ್ತದೆ. ಸೊಂಟದುದ್ದ ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ತಲೆ ಮುಳುಗುವ ಆಳಕ್ಕೆ ಇಳಿಯುತ್ತಾರೆ. ಅಂಚಿನ ಜೇಡಿಮಣ್ಣು ಹಿಡಿದಷ್ಟೂ ಜಾರುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡದ ಇಳಿಜಾರೂ ಅಷ್ಟೆ, ಈಜು ಬಂದರೂ ಹತ್ತಿ ಬರಲಾಗುವುದಿಲ್ಲ. ಸುತ್ತ ಬೇಲಿ ಹಾಕಿ, ನಾಲ್ಕೂ ಬದಿಯಿಂದ ಗಂಟು ಹಾಕಿದ ಹಗ್ಗ ಇಳಿಬಿಟ್ಟರೆ ಒಂದು ಜೀವ ಉಳಿದೀತು.

ಇಳಿಯಬೇಡಿ, ಎಸೆಯಿರಿ

ಸಿನಿಮಾದಲ್ಲಿ ಮುಳುಗುವವರು ಕೈಬೀಸಿ ಕೂಗುತ್ತಾರೆ. ನಿಜದಲ್ಲಿ ಹಾಗಾಗುವುದು ಅಪರೂಪ. ಮುಳುಗುವವರನ್ನು ಹತ್ತಿರದಿಂದ ಗಮನಿಸಿ ವಿವರಿಸಿದವರು ಅಮೆರಿಕದ ಜೀವರಕ್ಷಕ ಫ್ರ್ಯಾಂಕ್ ಪಿಯಾ. ಬಾಯಿ ನೀರಿನ ಮೇಲೆ ಬಂದ ಗಳಿಗೆಯಲ್ಲಿ ಉಸಿರೆಳೆಯುವುದಕ್ಕೇ ಸಮಯ ಸಾಲದು, ಇನ್ನು ಕೂಗುವುದೆಲ್ಲಿ? ಕೈಗಳು ತಾವಾಗಿಯೇ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಹೀಗೆ ಸಿಗುವುದು 20ರಿಂದ 60 ಸೆಕೆಂಡು. ಆದ್ದರಿಂದ ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸದ್ದಿಲ್ಲದೆ ನಿಂತಲ್ಲೇ ಏಳುತ್ತಾ ಮುಳುಗುತ್ತಾ ಇದ್ದರೆ ಅದೇ ಅಪಾಯದ ಸೂಚನೆ.

ಒಬ್ಬರು ಜಾರಿದರು, ಎಳೆಯಲು ಹೋದ ಅಕ್ಕ ಮುಳುಗಿದಳು, ಅವಳನ್ನು ಹಿಡಿಯಲು ಅಮ್ಮ ಇಳಿದಳು. ಒಂದೇ ಮನೆಯಲ್ಲಿ ಮೂರು ಸಾವುಗಳಾಗುವುದು ಹೀಗೆ. ಮುಳುಗುವವರು ಕೈಗೆ ಸಿಕ್ಕವರನ್ನು ತಬ್ಬಿ ಒತ್ತುತ್ತಾರೆ, ಅದು ಅವರ ಕೈಮೀರಿದ ಕ್ರಿಯೆ. ದಡದಲ್ಲೇ ಬೋರಲು ಮಲಗಿ ಕೋಲನ್ನೋ ಸೀರೆಯನ್ನೋ ಚಾಚಿ. ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆಯಿರಿ. ಹತ್ತು ಲೀಟರಿನ ಕ್ಯಾನು ಅಪ್ಪಿಕೊಂಡವರ ತಲೆಯನ್ನು ನೀರಿನ ಮೇಲೆ ಉಳಿಸುತ್ತದೆ. ಇನ್ನೊಬ್ಬರು 112ಕ್ಕೆ ಕರೆ ಮಾಡಲಿ. ಹರಿವಿಗೆ ಸಿಕ್ಕಿದವರು ಅದಕ್ಕೆ ಎದುರಾಗಿ ಈಜಿ ದಣಿಯಬಾರದು. ಕಾಲು ಮುಂದೆ ಮಾಡಿ ಅಂಗಾತ ತೇಲುತ್ತಾ, ಓರೆಯಾಗಿ ದಡದತ್ತ ಸರಿಯಬೇಕು.

ಉಪ್ಪಿನಿಂದ ಉಸಿರು ಬಾರದು

2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಮರುವರ್ಷ ಹಾವೇರಿ ಜಿಲ್ಲೆಯಲ್ಲಿ, ಮುಳುಗಿ ಸತ್ತ ಮಕ್ಕಳ ದೇಹವನ್ನು ಉಪ್ಪಿನ ರಾಶಿಯಲ್ಲಿಟ್ಟು ಜೀವ ಬರಲೆಂದು ಗಂಟೆಗಟ್ಟಲೆ ಕಾದರು. ಸಾಮಾಜಿಕ ಜಾಲತಾಣದಲ್ಲಿ ಓಡಾಡುವ ಸುಳ್ಳೊಂದು ಹೆತ್ತವರ ಕರುಳಿನ ಜೊತೆ ಆಡುವ ಆಟ ಅದು. ಉಸಿರು ನಿಂತ ನಾಲ್ಕಾರು ನಿಮಿಷದಲ್ಲೇ ಮಿದುಳು ಕೆಡತೊಡಗುತ್ತದೆ. ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಬೇಡ. ಸಮತಟ್ಟಾದ ಜಾಗದಲ್ಲಿ ಅಂಗಾತ ಮಲಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಮೊದಲು ಬಾಯಿಂದ ಬಾಯಿಗೆ ಉಸಿರು ಕೊಡಿ. ಆಮೇಲೆ ಎದೆಯ ನಡುಭಾಗವನ್ನು 30 ಸಲ ಒತ್ತಿ 2 ಸಲ ಉಸಿರು. ಆಂಬುಲೆನ್ಸ್ ಬರುವ ತನಕ ಬಿಡದೆ ಮುಂದುವರಿಸಿ.

ಪ್ರತಿ ವರ್ಷ ಜುಲೈ 25 ವಿಶ್ವ ಮುಳುಗಡೆ ತಡೆ ದಿನ. ಅಷ್ಟು ಹೊತ್ತಿಗೆ ನಮ್ಮಲ್ಲಿ ಮುಂಗಾರು ಬಂದಾಗಿರುತ್ತದೆ. ಕೆಲಸ ಆಗಬೇಕಾದದ್ದು ಅದಕ್ಕೂ ಮೊದಲು, ಕೆರೆ ಒಣಗಿರುವ ಏಪ್ರಿಲ್-ಮೇ ತಿಂಗಳಲ್ಲಿ. ಮಣ್ಣು ತೆಗೆದವರಿಂದಲೇ ಗುಂಡಿಯ ಅಂಚನ್ನು ಇಳಿಜಾರು ಮಾಡಿಸಬೇಕು. ತೂಬಿಗೆ ಕಬ್ಬಿಣದ ಜಾಲರಿ, ಅಪಾಯದ ಜಾಗಕ್ಕೆ ಕೆಂಪು ಕಂಬ, ಬಟ್ಟೆ ಒಗೆಯುವ ಮೆಟ್ಟಿಲ ಬಳಿ ಹಗ್ಗ ಮತ್ತು ಕ್ಯಾನು ಬೇಕು. ಇದಕ್ಕೆಲ್ಲ ಗ್ರಾಮ ಪಂಚಾಯಿತಿಗೆ ಕೋಟಿ ರೂಪಾಯಿಯೇನೂ ಬೇಕಾಗಿಲ್ಲ. ರಜೆಯ ಒಂದು ಬೆಳಿಗ್ಗೆ ಮೇಷ್ಟ್ರೂ ಊರಿನ ಹಿರಿಯರೂ ಮಕ್ಕಳನ್ನು ಕರೆದುಕೊಂಡು ಒಣಗಿದ ಅಂಗಳದಲ್ಲಿ ನಡೆಯಲಿ. ತೂಬಿನ ಬಾಯಿ ಎಷ್ಟು ದೊಡ್ಡದು, ಗುಂಡಿ ಎಷ್ಟು ಆಳ ಎಂಬುದನ್ನು ಮಕ್ಕಳು ಒಳಗೆ ನಿಂತು ನೋಡಲಿ. ನೀರು ತುಂಬಿದ ಮೇಲೆ ಎಷ್ಟು ಗದರಿದರೂ ನಾಟದ ಮಾತು ಆಗ ಮನಸ್ಸಿಗೆ ಇಳಿಯುತ್ತದೆ.