ಹೆಸರಿಲ್ಲದ ಹುಳ ಯಾವ ಪಟ್ಟಿಗೂ ಸೇರಲ್ಲ: ಒಂದು ಕಲ್ಲುನೊಣಕ್ಕೆ ಹೆಸರಿಡುವುದು ಹೇಗೆ, ಯಾಕೆ?

‘ಹೊಸ ಪ್ರಭೇದ ಪತ್ತೆ’ ಅನ್ನೋ ಸುದ್ದಿ ಆಗಾಗ ನಮ್ಮ ಫೋನಿಗೆ ಬಂದು ಬೀಳುತ್ತೆ. ಕಪ್ಪೆಯೋ ಹಲ್ಲಿಯೋ ಆಗಿದ್ದು ಫೋಟೊ ಚೆನ್ನಾಗಿದ್ದರೆ ಸ್ಟೇಟಸ್‌ಗೆ ಹಾಕ್ತೀವಿ. ಕಂದು ಬಣ್ಣದ ಪುಟ್ಟ ನೊಣ ಆಗಿದ್ದರೆ ಅದನ್ನೂ ಮಾಡಲ್ಲ. ಆದರೆ ಆ ನೊಣಕ್ಕೆ ಹೆಸರಿಡುವ ಕೆಲಸಕ್ಕೂ ನಾವು ದಿನಾ ಜಗಳ ಆಡುವ ನೀರಿನ ರಾಜಕಾರಣಕ್ಕೂ ನೇರ ಸಂಬಂಧ ಇದೆ. ಸ್ಟೋನ್‌ಫ್ಲೈ, ಅಂದರೆ ಕಲ್ಲುನೊಣವನ್ನೇ ಉದಾಹರಣೆಗೆ ಇಟ್ಟುಕೊಂಡು ಅದನ್ನ ವಿವರಿಸ್ತೀನಿ.

ಇದು ಯಾವ ನೊಣ?

ಹೆಸರಿನಲ್ಲಿ ನೊಣ ಇದ್ದರೂ ಇದು ಮನೆನೊಣದ ಬಳಗ ಅಲ್ಲ. ಪ್ಲೆಕಾಪ್ಟೆರಾ ಅನ್ನೋ ಬೇರೆಯೇ ಗಣ. ಗ್ರೀಕ್‌ನಲ್ಲಿ ‘ಹೆಣೆದ ರೆಕ್ಕೆ’ ಅಂತ ಅರ್ಥ. ಕೂತಾಗ ರೆಕ್ಕೆಗಳು ಬೆನ್ನ ಮೇಲೆ ಚಪ್ಪಟೆಯಾಗಿ ಮಡಚಿರುತ್ತವೆ. ಇದರ ಆಯುಷ್ಯದ ಬಹುಪಾಲು ಹರಿಯುವ ಹೊಳೆಯ ಕಲ್ಲಿನಡಿಯಲ್ಲೇ ಕಳೆಯುತ್ತೆ. ತಣ್ಣನೆಯ ದೇಶಗಳಲ್ಲಿ ಕೆಲವು ಜಾತಿಯ ಮರಿಗಳು ಮೂರು ವರ್ಷದವರೆಗೂ ನೀರಲ್ಲೇ ಇರುತ್ತವೆ. ರೆಕ್ಕೆ ಬಂದ ಮೇಲಿನ ಬದುಕು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ.

ಜಗತ್ತಿನಲ್ಲಿ 3,500ಕ್ಕೂ ಹೆಚ್ಚು ಬಗೆಯ ಕಲ್ಲುನೊಣಗಳಿಗೆ ಹೆಸರಿಟ್ಟಿದ್ದಾರೆ. ಭಾರತದಲ್ಲಿ ಗೊತ್ತಿರುವವು ಬಹುತೇಕ ಹಿಮಾಲಯದವು. ನಮ್ಮ ಪಶ್ಚಿಮಘಟ್ಟದ ತೊರೆಗಳಲ್ಲಿ ಮುಖ್ಯವಾಗಿ ನಿಯೋಪರ್ಲಾ ಅನ್ನೋ ಕುಲದವು ಸಿಗುತ್ತವೆ.

ಈ ಹುಳದ ವಿಶೇಷ ಏನಪ್ಪಾ ಅಂದರೆ, ಇದಕ್ಕೆ ಕೊಳೆ ನೀರು ಆಗಿಬರಲ್ಲ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮರಿಗಳು ಕಲ್ಲು ಹಿಡಿದುಕೊಂಡು ದಂಡ ಹೊಡೆಯೋ ಥರ ಮೈಯನ್ನು ಮೇಲೆ ಕೆಳಗೆ ಆಡಿಸಿ, ಕಿವಿರಿನ ಮೇಲೆ ನೀರು ಹಾಯಿಸಿಕೊಳ್ಳುತ್ತವೆ. ಇನ್ನೂ ಕಡಿಮೆಯಾದರೆ ಸಾಯುತ್ತವೆ. ಹುಳಗಳನ್ನು ನೋಡಿ ನದಿಗೆ ಅಂಕ ಕೊಡುವ, ಬ್ರಿಟನ್‌ನಲ್ಲಿ ರೂಪಿಸಿದ ಒಂದು ಪದ್ಧತಿ ಇದೆ. ಅದರಲ್ಲಿ ನಿಯೋಪರ್ಲಾ ಸೇರಿದ ಕುಟುಂಬಕ್ಕೆ ಹತ್ತಕ್ಕೆ ಹತ್ತು, ಚರಂಡಿಯಲ್ಲೂ ಬದುಕುವ ಕೆಂಪು ಹುಳಗಳಿಗೆ ಒಂದೋ ಎರಡೋ. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಇದೇ ಮಾದರಿಯ ಜೈವಿಕ ಮಾನದಂಡ ರೂಪಿಸಿದೆ. ಬಾಟಲಿಗೆ ತುಂಬಿದ ನೀರಿನ ಪರೀಕ್ಷೆ ಆ ದಿನದ ಕಥೆ ಹೇಳುತ್ತೆ. ಕಲ್ಲಿನಡಿಯ ಮರಿ ಹಿಂದಿನ ಎಷ್ಟೋ ತಿಂಗಳ ಕಥೆ ಹೇಳುತ್ತೆ. ಅಧಿಕಾರಿ ಬರುವ ದಿನ ಮಾತ್ರ ಕೊಳವೆ ಬಂದ್ ಮಾಡಿ ಇದನ್ನ ಯಾಮಾರಿಸೋಕೆ ಆಗಲ್ಲ.

ಹೊಳೆಯಿಂದ ಹೆಸರಿನವರೆಗೆ

ಸಿಕ್ಕಿದ ಹುಳ ಹೊಸದು ಅಂತ ಗೊತ್ತಾಗೋದು ಹೇಗೆ? ಬಣ್ಣ ನೋಡಿ ಹೇಳೋಕಾಗಲ್ಲ. ಮರಿಗಳಂತೂ ಒಂದರ ಹಾಗೇ ಇನ್ನೊಂದು. ಅದಕ್ಕೇ ರಾತ್ರಿ ತೊರೆಯ ಪಕ್ಕ ಬಿಳಿ ಬಟ್ಟೆ ಕಟ್ಟಿ, ದೀಪ ಹಾಕಿ, ರೆಕ್ಕೆ ಬಂದ ನೊಣಗಳನ್ನು ಹಿಡಿದು ಆಲ್ಕೋಹಾಲ್‌ನಲ್ಲಿ ಇಡ್ತಾರೆ. ಆಮೇಲೆ ಮೈಕ್ರೋಸ್ಕೋಪಿನಡಿ ಗಂಡಿನ ಜನನಾಂಗ ನೋಡ್ತಾರೆ. ನಿಯೋಪರ್ಲಾದಲ್ಲಿ ಒಳಗಿನ ಅಂಗವನ್ನು ಹೊರಕ್ಕೆ ಮಗುಚಿ, ಅದರ ಮೇಲಿನ ಸಣ್ಣ ಸಣ್ಣ ಮುಳ್ಳುಗಳು ಹೇಗೆ ಸಾಲುಗಟ್ಟಿವೆ ಅಂತ ಚಿತ್ರ ಬರೀಬೇಕು. ಹೆಣ್ಣಾದರೆ ಮೊಟ್ಟೆಯ ಚಿಪ್ಪಿನ ಕೆತ್ತನೆಯೂ ಮುಖ್ಯ. ಈ ಮರಿ ಇದೇ ನೊಣದ್ದು ಅಂತ ಹೊಂದಿಸೋಕೆ ಈಗ ಡಿಎನ್‌ಎ ನೆರವಿದೆ.

ನಿಧಾನ ಆಗೋದು ಇದರ ಮುಂದೆ. ಈಗಾಗಲೇ ಹೆಸರಿರುವ ಪ್ರತಿಯೊಂದು ಹತ್ತಿರದ ನೊಣದ ಜೊತೆಗೂ ಹೋಲಿಸಬೇಕು. ಬ್ರಿಟಿಷರ ಕಾಲದಲ್ಲಿ ಇಲ್ಲಿಂದ ಹೋದ ಎಷ್ಟೋ ಕೀಟಗಳ ಮೂಲ ಮಾದರಿಗಳು ಲಂಡನ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿವೆ. ನಮ್ಮ ಹೊಳೆಯ ಹುಳ ಹೊಸದೋ ಹಳೆಯದೋ ಅಂತ ತಿಳಿಯೋಕೆ ಕಡಲಾಚೆಯ ಕಪಾಟು ತೆಗೀಬೇಕಾದ ಸ್ಥಿತಿ. ಇದೂ ವಸಾಹತುಶಾಹಿಯ ಬಾಕಿಯೇ.

ಹೊಸದು ಅಂತ ಖಾತ್ರಿಯಾದ ಮೇಲೆ ಒಂದೇ ಒಂದು ನೊಣವನ್ನು ‘ಹೋಲೋಟೈಪ್’ ಅಂತ ಆರಿಸಿ, ವಿವರಣೆ ಬರೆದು, ಪ್ರಕಟಿಸ್ತಾರೆ. ಮುಂದೆ ತಕರಾರು ಬಂದರೆ ಆ ಒಂದು ನೊಣವೇ ಸಾಕ್ಷಿ. ನಮ್ಮ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ, ಹೊಸ ಜೀವಿ ಕಂಡವರು ಅದರ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಸಂಸ್ಥೆಗೆ ಒಪ್ಪಿಸಲೇಬೇಕು.

ಹೆಸರು ಲ್ಯಾಟಿನ್ ಪದವೇ ಆಗಿರಬೇಕು ಅಂತೇನಿಲ್ಲ, ರೋಮನ್ ಲಿಪಿಯಲ್ಲಿದ್ದರೆ ಸಾಕು. ಉತ್ತರ ಕನ್ನಡದ ಕತ್ತಲೆಕಾನಿನ ತೊರೆಯಲ್ಲಿ ತನ್ನ ಮೊಟ್ಟೆಗೆ ಕೆಸರು ಮೆತ್ತುವ ಕಪ್ಪೆಗೆ 2014ರಲ್ಲಿ ‘ನಿಕ್ಟಿಬಟ್ರಾಕಸ್ ಕುಂಬಾರ’ ಅಂತ ಹೆಸರಾಯ್ತು. 2020ರಲ್ಲಿ ರಾಜಾನುಕುಂಟೆ ಕಡೆಯ ಪಾಳು ನೆಲದಲ್ಲಿ ಸಿಕ್ಕ ಕಪ್ಪೆ ‘ಸ್ಫೆರೋಥೀಕಾ ಬೆಂಗಳೂರು’ ಆಯ್ತು. ದಟ್ಟ ಕಾಡಿಗೇ ಹೋಗಬೇಕಿಲ್ಲ, ಲೇಔಟ್ ಆಗಲು ಕಾಯುತ್ತಿರುವ ಜಾಗದಲ್ಲೂ ಹೆಸರಿಲ್ಲದವರು ಇದ್ದಾರೆ.

ಹೆಸರು ಸಿಕ್ಕರೆ ಏನು ಸಿಗುತ್ತೆ?

ಅಮೆರಿಕದ ಮೊಂಟಾನಾ ಕಡೆ ಹಿಮನದಿ ಕರಗಿದ ನೀರಿನಲ್ಲಿ ಬದುಕುವ ‘ಲೆಡ್ನಿಯಾ ಟುಮಾನಾ’ ಅನ್ನೋ ಕಲ್ಲುನೊಣವಿದೆ. ಅದಕ್ಕೆ ಹೆಸರಿಟ್ಟಿದ್ದು 1952ರಲ್ಲಿ. ಹವಾಮಾನ ಬದಲಾವಣೆಯಿಂದ ಅದರ ನೆಲೆಯೇ ಕರಗ್ತಿದೆ ಅಂತ 2019ರಲ್ಲಿ ಅಲ್ಲಿನ ಸರ್ಕಾರ ಅದನ್ನೂ ಇನ್ನೊಂದು ಕಲ್ಲುನೊಣವನ್ನೂ ಕಾನೂನಿನ ರಕ್ಷಣೆಯ ಪಟ್ಟಿಗೆ ಸೇರಿಸಿತು. ಹೆಸರಿಗೂ ರಕ್ಷಣೆಗೂ ನಡುವೆ 67 ವರ್ಷ. ಹೆಸರೇ ಇಲ್ಲದಿದ್ದರೆ ಆ ಅರ್ಜಿಯನ್ನು ಯಾರ ಪರವಾಗಿ ಹಾಕೋದು?

ನಮ್ಮಲ್ಲಿ ವನ್ಯಜೀವಿ ಕಾಯ್ದೆಯ ಪಟ್ಟಿ ಇರಲಿ, ಅಣೆಕಟ್ಟು, ಗಣಿಗಳ ಪರಿಸರ ಪರಿಣಾಮ ವರದಿ ಇರಲಿ, ಎಲ್ಲವೂ ನಡೆಯೋದು ಹೆಸರುಗಳ ಮೇಲೆ. ಪಟ್ಟಿಯಲ್ಲಿ ಇಲ್ಲದ ಜೀವಿ ನಾಶವಾದರೆ ಕಾಗದದ ಮೇಲೆ ಏನೂ ನಾಶವಾಗಿಲ್ಲ. ಆಧಾರ್ ಇಲ್ಲದವನಿಗೆ ರೇಷನ್ ಇಲ್ಲ ಅಂದ ಹಾಗೆಯೇ ಇದು. ತಪ್ಪು ಹೊಟ್ಟೆಯದ್ದಲ್ಲ, ಪಟ್ಟಿಯದ್ದು.

ವೇದಾವತಿಗೂ ಇದಕ್ಕೂ ಏನು ಸಂಬಂಧ?

ನನ್ನೂರು ಹಿರಿಯೂರು ಪಕ್ಕದ ಬಬ್ಬೂರು. ಬಯಲುಸೀಮೆ. ನಮ್ಮ ಕಡೆಯ ಬಿಸಿ, ನಿಧಾನ ನೀರಿನಲ್ಲಿ ಕಲ್ಲುನೊಣ ಸಿಗೋ ಸಾಧ್ಯತೆ ಕಡಿಮೆ. ಆದರೆ ನಮ್ಮ ವಾಣಿವಿಲಾಸ ಸಾಗರಕ್ಕೆ ಬರುವ ವೇದಾವತಿ ಹುಟ್ಟೋದು ಬಾಬಾಬುಡನ್ ಗಿರಿಯ ಸೀಮೆಯಲ್ಲಿ. 1933ರ ನಂತರ 2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ಇಡೀ ತಾಲೂಕು ನೋಡೋಕೆ ಹೋಯ್ತು. ಎಷ್ಟು ಅಡಿ ನೀರು ಬಂತು ಅನ್ನೋದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಎಂಥಾ ನೀರು ಬಂತು ಅಂತ ಕೇಳೋರು ಕಮ್ಮಿ. ಭದ್ರಾ ಮೇಲ್ದಂಡೆಯ ಚರ್ಚೆಯೂ ಟಿಎಂಸಿ ಲೆಕ್ಕದಲ್ಲೇ ಮುಗಿಯುತ್ತೆ. ಗಿರಿಯ ತೊರೆಗಳಲ್ಲಿ ಏನು ಬದುಕಿದೆ ಅನ್ನೋದು ಅಣೆಕಟ್ಟಿನ ಕೆಳಗೆ ಕುಡಿಯೋರ ಪ್ರಶ್ನೆಯೂ ಹೌದು.

ಎಲ್ಲರೂ ಮೈಕ್ರೋಸ್ಕೋಪ್ ಹಿಡೀಬೇಕು ಅಂತ ನಾನು ಹೇಳ್ತಿಲ್ಲ. ಆದರೆ ಒಂದು ಕೆಲಸ ನಮ್ಮ ಕೈಯಲ್ಲಿದೆ. ಅದೇ 2002ರ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಿಗಳ ದಾಖಲಾತಿ ಇರಬೇಕು. ನಿಮ್ಮ ಪಂಚಾಯ್ತಿಗೆ ಹೋಗಿ ಆ ಪುಸ್ತಕ ತೋರಿಸಿ ಅಂತ ಕೇಳಿ. ಕೊಡದಿದ್ದರೆ ಆರ್‌ಟಿಐ ಹಾಕಿ. ಅದರಲ್ಲಿ ಮಾವು, ಬೇವು, ನವಿಲು ಇರಬಹುದು. ಹಳ್ಳದ ನೀರಿನ ಹುಳಗಳಿಗೆ ಒಂದು ಪುಟವಾದರೂ ಇದೆಯಾ ನೋಡಿ. ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಕೆ ನಿಮಗೊಂದು ಪ್ರಶ್ನೆ ಸಿಕ್ಕಿತು.