ಅಟ್ಟದ ಮೇಲೊಂದು ಗುಡುಗು

ನಾಟಕದಲ್ಲಿ ಗುಡುಗು ಬೇಕಾದರೆ ಈಗ ಒಂದು ಗುಂಡಿ ಒತ್ತಿದರಾಯಿತು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಕಿಂಗ್ ಸ್ಟ್ರೀಟಿನಲ್ಲಿರುವ ಥಿಯೇಟರ್ ರಾಯಲ್‌ನಲ್ಲಿ ಇದಕ್ಕೊಂದು ಹಳೆಯ ದಾರಿ ಇನ್ನೂ ಉಳಿದಿದೆ. ಪ್ರೇಕ್ಷಕರ ತಲೆಯ ಮೇಲೆ, ಚಾವಣಿಯ ಆಚೆಗಿನ ಅಟ್ಟದಲ್ಲಿ, ಇಳಿಜಾರಾಗಿ ಕೂರಿಸಿದ ಮರದ ದೋಣಿಗಳಿವೆ. ಅವುಗಳ ಮೇಲ್ತುದಿಯಿಂದ ಫಿರಂಗಿ ಗುಂಡುಗಳನ್ನು ಬಿಡುತ್ತಾರೆ. ಗುಂಡು ಉರುಳಿದಂತೆ ಮರ ನಡುಗುತ್ತದೆ, ಆ ನಡುಕ ಚಾವಣಿಗೆ ಇಳಿಯುತ್ತದೆ. ಸದ್ದು ಯಾವ ಮೂಲೆಯಿಂದ ಬಂತು ಎಂದು ಕೆಳಗೆ ಕೂತವರಿಗೆ ಹೇಳಲಾಗದು. ನೆತ್ತಿಯ ಮೇಲೆ ಎಲ್ಲೋ ಆಕಾಶವೇ ಹೊರಳಿತು ಅನ್ನಿಸಬೇಕು, ಅಷ್ಟೇ. ಬಿಟ್ಟ ಗುಂಡನ್ನು ನಡುದಾರಿಯಲ್ಲಿ ತಡೆಯುವಂತಿಲ್ಲ. ಹಾಗಾಗಿ ಕೆಳಗೆ ನಟ ಆಡುವ ಮಾತಿಗೂ ಮೇಲೆ ಕತ್ತಲಲ್ಲಿ ನಿಂತವನ ಕೈಗೂ ತಾಳ ತಪ್ಪಬಾರದು. ಈ ರಂಗಮಂದಿರದತ್ತ ನನ್ನನ್ನು ಮೊದಲು ಎಳೆದದ್ದು ಇದೇ ಗುಡುಗಿನ ದೋಣಿ. 2016ರಲ್ಲಿ, ಮಂದಿರಕ್ಕೆ 250 ವರ್ಷ ತುಂಬಿದಾಗ, ‘ಕಿಂಗ್ ಲಿಯರ್’ ಆಡಿದರು. ಟಿಮೊಥಿ ವೆಸ್ಟ್ ಲಿಯರ್ ಆಗಿದ್ದರು. ಬಹುಕಾಲ ಮೌನವಾಗಿದ್ದ ದೋಣಿಗಳಲ್ಲಿ ಅಂದು ಮತ್ತೆ ಗುಂಡು ಉರುಳಿತು. ಮಗಳಂದಿರು ಹೊರಗಟ್ಟಿದ ಮುದುಕ ಬಿರುಗಾಳಿಗೆ ಮುಖವೊಡ್ಡಿ ಕೂಗಾಡುವ ದೃಶ್ಯಕ್ಕೆ ಇದಕ್ಕಿಂತ ತಕ್ಕ ಹಿಮ್ಮೇಳ ಇನ್ನೇನಿದ್ದೀತು?

ಬಾಗಿಲು ತೆರೆದದ್ದು 1766ರ ಮೇ 30ರಂದು. ಊರಿನ ಐವತ್ತು ಮಂದಿ ತಲಾ 50 ಪೌಂಡ್ ಹಾಕಿ ಕಟ್ಟಿಸಿದರು. ಪ್ರತಿಯಾಗಿ ಒಬ್ಬೊಬ್ಬರಿಗೂ ಒಂದು ಬೆಳ್ಳಿ ಬಿಲ್ಲೆ. ಅದಿದ್ದವರಿಗೆ ಇಲ್ಲಿ ನಡೆಯುವ ಪ್ರತಿ ಆಟವನ್ನೂ ನೋಡುವ ಹಕ್ಕು. ಆ ಹಣದ ಮೂಲವನ್ನೂ ಹೇಳಬೇಕು. ಬ್ರಿಸ್ಟಲ್ ಆಗ ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಸಾಗಿಸಿ ಕೊಬ್ಬಿದ ಬಂದರು. ಅಲ್ಲಿನ ವರ್ತಕರ ಸಿರಿಯಲ್ಲಿ ಆ ಪಾಪದ ಪಾಲಿತ್ತು. ಬೆಳ್ಳಿ ಬಿಲ್ಲೆಯ ಚೆಲುವು ಅದನ್ನು ಮರೆಸಬಾರದು.

ಇನ್ನೊಂದು ತೊಡಕಿತ್ತು, ಕಾನೂನಿನದು. 1737ರ ಪರವಾನಗಿ ಕಾಯ್ದೆಯ ಪ್ರಕಾರ ಮಾತಿನ ನಾಟಕ ಆಡುವ ಅಧಿಕಾರ ಲಂಡನ್ನಿನ ರಾಜಮುದ್ರೆ ಪಡೆದ ಮಂದಿರಗಳಿಗಷ್ಟೇ. ಬ್ರಿಸ್ಟಲ್‌ನವರು ಉಪಾಯ ಮಾಡಿದರು: ಜಾಹೀರಾತಿನಲ್ಲಿ ‘ಸಂಗೀತ ಕಚೇರಿ, ಜೊತೆಗೆ ವಾಕ್ಚಾತುರ್ಯದ ಒಂದು ಮಾದರಿ’ ಎಂದು ಸಾರಿ ನಾಟಕವನ್ನೇ ಆಡಿದರು! ಕಟ್ಟಡವೂ ಬೀದಿಗೆ ಮುಖ ತೋರಿಸಲಿಲ್ಲ; ಮನೆಗಳ ಸಾಲಿನ ಹಿಂದೆ ಅಡಗಿ ಕೂತಿತ್ತು, ಓಣಿ ಹಿಡಿದು ಒಳಹೋಗಬೇಕಿತ್ತು. ರಾಜನ ಪರವಾನಗಿ ಸಿಕ್ಕಿದ್ದು 1778ರಲ್ಲಿ. ಆಮೇಲೆ ಪಕ್ಕದ ಬಾತ್ ಊರಿನ ಮಂದಿರಕ್ಕೂ ಇದಕ್ಕೂ ಒಂದೇ ತಂಡ. ನಮ್ಮ ಕಂಪನಿ ನಾಟಕದವರು ಕ್ಯಾಂಪಿನಿಂದ ಕ್ಯಾಂಪಿಗೆ ಹೊರಟಂತೆ ನಟನಟಿಯರು ಕುದುರೆಗಾಡಿಯಲ್ಲಿ ಎರಡೂ ಊರುಗಳ ನಡುವೆ ಓಡಾಡುತ್ತಿದ್ದರು. ಮುಂದೆ ಲಂಡನ್ನನ್ನೇ ಗೆದ್ದ ಸಾರಾ ಸಿಡನ್ಸ್ ಪಳಗಿದ್ದು ಈ ಓಡಾಟದಲ್ಲೇ.

ಹತ್ತೊಂಬತ್ತನೆಯ ಶತಮಾನವನ್ನು ದಾಟಿ ಎರಡನೆಯ ಮಹಾಯುದ್ಧಕ್ಕೆ ಬರೋಣ. 1940ರ ನವೆಂಬರಿನಲ್ಲಿ ಬಾಂಬುಗಳು ಊರಿನ ಪ್ರಿನ್ಸಸ್ ಥಿಯೇಟರನ್ನು ಸುಟ್ಟವು. ಥಿಯೇಟರ್ ರಾಯಲ್ ಉಳಿಯಿತು, ಆದರೆ 1942ರಲ್ಲಿ ಮಾರಾಟಕ್ಕೆ ಬಂತು. ಗೋದಾಮು ಆಗುವುದೇ ಅದರ ಹಣೆಬರಹ ಅನ್ನಿಸಿತ್ತು. ಊರಿನವರು ಚಂದಾ ಎತ್ತಿ ಕೊಂಡರು. ಕಲೆಗೆ ನೆರವಾಗಲು ಆಗಷ್ಟೇ ಹುಟ್ಟಿದ್ದ ಸರ್ಕಾರಿ ಮಂಡಳಿ ನಡೆಸುವ ಹೊಣೆ ಹೊತ್ತಿತು. ಯುದ್ಧದ ನಡುವೆಯೇ, 1943ರ ಮೇ ತಿಂಗಳಲ್ಲಿ, ಪರದೆ ಮತ್ತೆ ಮೇಲೆದ್ದಿತು. ಅನ್ನಕ್ಕೇ ಪಡಿತರವಿದ್ದ ದಿನಗಳಲ್ಲಿ ಒಂದು ಊರು ನಾಟಕಮಂದಿರಕ್ಕೆ ದುಡ್ಡು ಕೂಡಿಸಿತಲ್ಲ, ಈ ಚರಿತ್ರೆಯಲ್ಲಿ ನಾನು ಮತ್ತೆ ಮತ್ತೆ ಓದುವ ಪುಟ ಅದೇ.

1946ರಲ್ಲಿ ಲಂಡನ್ನಿನ ಓಲ್ಡ್ ವಿಕ್ ಎಂಬ ನಾಟಕ ಸಂಸ್ಥೆಯ ಕವಲಾಗಿ ಇಲ್ಲೊಂದು ತಂಡ ಹುಟ್ಟಿತು; ಬ್ರಿಸ್ಟಲ್ ಓಲ್ಡ್ ವಿಕ್ ಎಂಬ ಹೆಸರು ಬಂದದ್ದು ಹಾಗೆ. ಅದೇ ವರ್ಷ ನಾಟಕಶಾಲೆಯೂ ಶುರುವಾಯಿತು. 1954ರಲ್ಲಿ ಇಲ್ಲಿ ಮೊದಲು ಆಡಿದ ‘ಸ್ಯಾಲಡ್ ಡೇಸ್’ ಎಂಬ ಹಗುರ ಸಂಗೀತ ನಾಟಕ ಲಂಡನ್ನಿಗೆ ಹೋಗಿ ಎರಡು ಸಾವಿರಕ್ಕೂ ಹೆಚ್ಚು ಪ್ರದರ್ಶನ ಕಂಡಿತು. ಅದರ ಗಳಿಕೆಯ ಒಂದು ಭಾಗ ಶಾಲೆಗೆ ಸ್ವಂತ ಸೂರು ಕೊಡಿಸಿತು.

ಆಮೇಲೂ ನೆಮ್ಮದಿ ಇರಲಿಲ್ಲ. 2007ರಲ್ಲಿ ಹಣದ ಮುಗ್ಗಟ್ಟಿನ ನಡುವೆ ಬಾಗಿಲು ಹಾಕಿತು. ಸಭಾಂಗಣ ದುರಸ್ತಿಯಾಗಿ ತೆರೆದದ್ದು 2012ರಲ್ಲಿ. 2018ರಲ್ಲಿ ಹೊಸ ಮುಂಗೋಣೆ ಬಂದ ಮೇಲೆ ಎರಡೂವರೆ ಶತಮಾನ ಅಡಗಿ ಕೂತಿದ್ದ ಹಳೆಯ ಗೋಡೆ ಬೀದಿಯವರಿಗೂ ಕಾಣುತ್ತಿದೆ.

ಕಟ್ಟಡ ಗಟ್ಟಿಯಾಗಿದೆ ನಿಜ. ನನ್ನ ಕೊರಗು ಬೇರೆ. ನಟ ಪೀಟರ್ ಓಟೂಲ್ ಇಪ್ಪತ್ತರ ಹರೆಯದಲ್ಲಿ, 1955ರಿಂದ 58ರವರೆಗೆ, ಇದೇ ತಂಡದಲ್ಲಿದ್ದು ಸಣ್ಣ ಪಾತ್ರಗಳಿಂದ ಹತ್ತಿ ಹ್ಯಾಮ್ಲೆಟ್ ತನಕ ಬಂದರು. ಊರಿನವರು ಒಬ್ಬನೇ ಹುಡುಗನನ್ನು ಹತ್ತಾರು ವೇಷಗಳಲ್ಲಿ ನೋಡುತ್ತ, ಇವನು ನಮ್ಮವನು ಎಂದುಕೊಳ್ಳುತ್ತಿದ್ದ ಕಾಲ ಅದು. ಇಂಗ್ಲೆಂಡಿನ ಊರೂರಿನಲ್ಲೂ ಇದ್ದ ಅಂಥ ಕಾಯಂ ತಂಡಗಳು ಬಹುಪಾಲು ಚದುರಿಹೋಗಿವೆ. ಈಗ ನಾಟಕಕ್ಕೊಂದು ತಂಡ ಕೂಡುತ್ತದೆ, ಆಟ ಮುಗಿದ ಮೇಲೆ ನಟರು ರೈಲು ಹತ್ತುತ್ತಾರೆ.